ವರೀದನ ಪಂಜರದ ಕರಿಮೀನು

ಪ್ರಶಸ್ತಿ ಭಾರ್ಗವಿಗೆ ಬಂತು.

ಮತ್ಸ್ಯಭವನದ ಅಂಗಳದಲ್ಲಿ ಹಾಕಿದ್ದ ಪೆಂಡಾಲಿನ ಹಿಂದಿನ ಸಾಲಿನಲ್ಲಿ ಕುಳಿತು ವರೀದ್ ಎಲ್ಲವನ್ನೂ ನೋಡಿದ. ಶಾಸಕರು ಆಕೆಯ ಹೆಗಲಿಗೆ ಶಾಲು ಹೊದಿಸಿದರು. ಸರ್ಕಾರ ಕೊಟ್ಟ ಪಂಜರ, ಸರ್ಕಾರ ಕೊಟ್ಟ ಮೀನುಮರಿ, ಅದಕ್ಕೆ ಒಬ್ಬ ವಿಧವೆಯ ಛಲ ಸೇರಿದರೆ ಹಿನ್ನೀರು ಕೂಡ ಹೊಲವಾಗುತ್ತದೆ ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ತಟ್ಟಿದರು. ವರೀದನೂ ತಟ್ಟಿದ. ತಟ್ಟುವಾಗ ಅಂಗೈ ಉರಿಯಿತು. ನೀರುನಾಯಿ ಹರಿದಿದ್ದ ಬಲೆಯನ್ನು ಹಿಂದಿನ ದಿನವಷ್ಟೇ ನೀರಲ್ಲಿ ಮುಳುಗಿ ಹೊಲಿದಿದ್ದ. ನೈಲಾನ್ ದಾರ ಅಲ್ಲಿ ಚರ್ಮ ಕೊಯ್ದಿತ್ತು.

ಯೋಜನೆಯ ನಿಯಮವೇ ಹಾಗಿತ್ತು. ಮೀನು ಸಾಕುವ ಬಲೆಯ ಪಂಜರ ಒಬ್ಬನಿಗೆ ಸಿಗುವುದಿಲ್ಲ, ಐದು ಮನೆ ಸೇರಿದ ಸಂಘಕ್ಕೆ ಸಿಗುತ್ತದೆ. ಮುಂಡಂತುರುತ್ತು ದ್ವೀಪದಲ್ಲಿ ಆ ಐದು ಮನೆಗಳನ್ನು ಒಂದು ಮಾಡಿದವನು ವರೀದ್. ಸಬ್ಸಿಡಿಗಾಗಿ ಇಲಾಖೆಯ ಮೆಟ್ಟಿಲು ಸವೆಸಿದವನು ಅವನು. ಹೆಂಡತಿ ಕುವೈತಿನಲ್ಲಿ ಯಾರದೋ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ದ್ವೀಪದ ತುದಿಯಲ್ಲಿ, ಕಾಲುವೆ ಬಂದು ಹಿನ್ನೀರಿಗೆ ಸೇರುವ ತಿರುವಿನಲ್ಲಿ, ಅವನ ಮನೆಯ ಜಗಲಿಗೆ ಎದುರಾಗಿಯೇ ಪಂಜರ ತೇಲುತ್ತಿತ್ತು. ಹಾಗಾಗಿ ಕಾವಲು ಅವನದು, ಮೇವು ಹಾಕುವುದು ಅವನದು, ಬಲೆ ಹೊಲಿಯುವುದು ಅವನದು. ಶಾಲು ಮಾತ್ರ ಭಾರ್ಗವಿಯದು.

ವಾಪಸ್ ಬರುವಾಗ ದ್ವೀಪಕ್ಕೆ ದಾಟಿಸುವ ಕಡವಿನ ದೋಣಿಯಲ್ಲಿ ಭಾರ್ಗವಿ ಶಾಲನ್ನು ಮಡಿಸಿ ಅವನ ತೊಡೆಯ ಮೇಲಿಟ್ಟಳು.

"ತಗೋ ವರೀದೇ. ಇದು ನಿಂದೇ. ಹೆಂಗಸಿಗೆ ಕೊಡಬೇಕು ಅಂತ ಅವರದ್ದೇನೋ ಲೆಕ್ಕ. ನಾನೇನ್ ಮಾಡಿದೀನಿ, ಹಿಂಡಿ ಕಲಸಿ ಕೊಟ್ಟಿದೀನಿ ಅಷ್ಟೇ."

"ಇರ್ಲಿ ಚೇಚಿ. ನಂಗೆ ಇದನ್ನ ಹೊದ್ಕೊಂಡು ಎಲ್ಲಿಗೆ ಹೋಗೋದಿದೆ."

ಸಂಘದ ಇನ್ನೊಬ್ಬ ಸದಸ್ಯ, ಕಳ್ಳು ಇಳಿಸುವ ಸುಗುಣನ್ ನಕ್ಕ. "ಬಲೆ ಹೊಲಿಯೋಕೆ ಮುಳುಗ್ತೀರಲ್ಲ ಚೇಟ್ಟಾ, ಹೊದ್ಕೊಂಡೇ ಮುಳುಗಿ. ನೀರುನಾಯಿ ಸೆಲ್ಯೂಟ್ ಹೊಡೀಲಿ."

ದೋಣಿಯಲ್ಲಿದ್ದವರೆಲ್ಲ ನಕ್ಕರು. ವರೀದನೂ ನಕ್ಕ. ಭಾರ್ಗವಿ ಅದನ್ನು ಇಟ್ಟುಕೊಂಡಿದ್ದರೆ ಅವಳನ್ನು ಬೈದುಕೊಂಡು ಸುಮ್ಮನಾಗಬಹುದಿತ್ತು. ಅವಳು ಕೊಡಲು ಬಂದಿದ್ದಳು. ಭಿಕ್ಷೆ ಹಾಕಿದ ಹಾಗೆ. ಶಾಲನ್ನು ಹಿಂದಿರುಗಿಸುವ ಹೊತ್ತಿಗೆ ಅವನ ಮನಸ್ಸು ಒಂದು ತೀರ್ಮಾನಕ್ಕೆ ಬಂದಿತ್ತು. ಆ ಮೀನು ತನ್ನದು. ತನ್ನದನ್ನು ತಾನು ತೆಗೆದುಕೊಳ್ಳುವುದಕ್ಕೆ ಕಳವು ಎಂಬ ಹೆಸರು ಯಾಕೆ?

ಯೋಚನೆ ನಿಧಾನವಾಗಿ ಬೆಳೆಯಿತು. ಪ್ರತಿವರ್ಷ ಮಳೆಗಾಲದ ಮೊದಲ ಜೋರು ಮಳೆಗೆ ಮೇಲಿನ ಕಾರ್ಖಾನೆಗಳ ಕಡೆಯಿಂದ ಕಾಲುವೆಯಲ್ಲಿ ಕಪ್ಪು ನೀರು ಬರುತ್ತಿತ್ತು. ಒಂದು ವರ್ಷ ಸ್ವಲ್ಪ, ಒಂದು ವರ್ಷ ಜಾಸ್ತಿ. ನೀರು ಕಪ್ಪಾದಾಗ ಮೀನು ಮೇಲೆ ಬಂದು ಬಾಯಿ ತೆರೆದು ಸಾಯುತ್ತಿತ್ತು. ಆಮೇಲೆ ಆಗುವುದೂ ಪ್ರತಿವರ್ಷ ಒಂದೇ ಥರ. ಇಲಾಖೆಯವರು ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಬರುತ್ತಾರೆ. ಫೋಟೋ ತೆಗೆಯುತ್ತಾರೆ. ಸತ್ತ ಮೀನನ್ನು ಸುಣ್ಣ ಹಾಕಿ ಹೂಳಿಸುತ್ತಾರೆ. ಮಂತ್ರಿಗಳು ಪರಿಹಾರ ಘೋಷಿಸುತ್ತಾರೆ. ಸತ್ತ ಮೀನನ್ನು ಯಾರೂ ತೂಗುವುದಿಲ್ಲ, ಬದುಕಿದ್ದಾಗ ಎಷ್ಟಿತ್ತು ಎಂದು ಯಾರೂ ಕೇಳುವುದಿಲ್ಲ.

ಅಂದರೆ ಕಪ್ಪು ನೀರು ಬರುವ ಮೊದಲು ಪಂಜರ ಖಾಲಿಯಾಗಿದ್ದರೆ ಅದನ್ನು ಖಾಲಿ ಮಾಡಿದ್ದು ಕಪ್ಪು ನೀರೇ. ಸಂಘದವರಿಗೆ ಸರ್ಕಾರದ ಪರಿಹಾರ ಸಿಗುತ್ತದೆ, ಅವರಿಗೂ ನಷ್ಟವಿಲ್ಲ. ಸರ್ಕಾರಕ್ಕೆ ನಷ್ಟವಾದರೆ ಅದು ಯಾರಿಗೂ ಆದ ನಷ್ಟವಲ್ಲ. ಜಗಲಿಯಲ್ಲಿ ಕುಳಿತು ಇದನ್ನು ಎಲ್ಲ ಕಡೆಯಿಂದ ತಿರುವಿ ನೋಡಿದಾಗ ವರೀದನಿಗೆ ಎಲ್ಲೂ ಒಂದು ತೂತು ಕಾಣಲಿಲ್ಲ.

ಮೇ ತಿಂಗಳ ಹರತಾಳದ ದಿನ ಅವನು ಕೆಲಸ ಮುಗಿಸಿದ. ಹರತಾಳವೆಂದರೆ ದ್ವೀಪದಲ್ಲಿ ಹಬ್ಬ. ಬಸ್ಸಿಲ್ಲ, ಕಡವಿನ ದೋಣಿಯಿಲ್ಲ, ಅಂಗಡಿಯಿಲ್ಲ. ಗಂಡಸರು ಹಿಂದಿನ ದಿನವೇ ಕೋಳಿ ತಂದಿಟ್ಟು ಟಿವಿಯ ಮುಂದೆ ಇಸ್ಪೀಟು ಹರಡುತ್ತಾರೆ. ಮಧ್ಯಾಹ್ನ ರೆಸಾರ್ಟುಗಳಿಗೆ ಮೀನು ಪೂರೈಸುವ ಏಜೆಂಟನ ಮೋಟಾರು ದೋಣಿ ತಿರುವಿಗೆ ಬಂತು. ರಸ್ತೆಗೆ ಹರತಾಳವಿದ್ದರೂ ನೀರಿಗೆ ಇರಲಿಲ್ಲ. ಏಜೆಂಟನೂ ಅವನೂ ಸೇರಿ ಬಲೆ ಎತ್ತಿದರು. ಅಗಲ ಮೈಯ, ಬಿಳಿ ಚುಕ್ಕೆಯ ಕರಿಮೀನುಗಳು ದೋಣಿಯ ನೀರಿನ ತೊಟ್ಟಿಗೆ ಜೀವಂತವಾಗಿ ಬಿದ್ದವು. ಸ್ವಲ್ಪ ಮೀನನ್ನು ಅವನು ಬೇಕೆಂದೇ ಉಳಿಸಿದ. ಮೇವು ಹಾಕಿದಾಗ ನೀರು ಅಲುಗಬೇಕಲ್ಲ.

ಆಮೇಲಿನ ವಾರಗಳು ಅವನು ಅಂದುಕೊಂಡಿದ್ದಕ್ಕಿಂತ ಕಷ್ಟವಾದವು. ಬೆಳಿಗ್ಗೆ ಸಂಜೆ ಪೂರ್ತಿ ಪಂಜರಕ್ಕೆ ಆಗುವಷ್ಟು ಮೇವು ಹೊತ್ತು ಹೋಗಿ, ಅಷ್ಟನ್ನೂ ಎರಚಿ ಬರುತ್ತಿದ್ದ. ಮಿಕ್ಕಿದ ಮೀನು ತಿಂದು ತಿಂದು ಕೊಬ್ಬಿತು, ಉಳಿದ ಮೇವು ತಳ ಸೇರಿ ಕೊಳೆಯಿತು. ಭಾರ್ಗವಿ ಹಿಂಡಿ ಕಲಸಿ ತರುವುದನ್ನು ಬಿಡಲಿಲ್ಲ. ಪಂಜರದ ಹಲಗೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ನೀರೊಳಗೆ ಇಣುಕುತ್ತಿದ್ದಳು.

"ಯಾಕೋ ಈಚೆಗೆ ಮುಖಾನೇ ತೋರಿಸಲ್ಲ ಇವು."

"ದೊಡ್ಡವಾಗಿವೆ ಚೇಚಿ. ದೊಡ್ಡ ಕರಿಮೀನು ಮೇಲೆ ಬರಲ್ಲ, ನಾಚ್ಕೆ."

"ನಿನ್ನ ಕೈಯಲ್ಲಿ ಬೆಳೆದದ್ದಲ್ವಾ, ನಿನ್ನ ಥರಾನೇ," ಎಂದಳು ಅವಳು. ನೀರಿಗೆ ಬೆರಳದ್ದಿ ಮಗುವನ್ನು ಕರೆಯುವಂತೆ ಕರೆದಳು. "ಓಣಕ್ಕೆ ಮಾರಿದ್ರೆ ಮಗಳಿಗೆ ನರ್ಸಿಂಗ್ ಸೀಟು. ಅಲ್ಲೀವರೆಗೆ ಚೆನ್ನಾಗ್ ನೋಡ್ಕೋ."

ನೋಡಿಕೊಳ್ಳುತ್ತೇನೆ ಎಂದ. ಆದರೆ ಮೀನನ್ನು ವಾಪಸು ತರುವ ದಾರಿ ಇರಲಿಲ್ಲ. ಅಷ್ಟು ಹೊತ್ತಿಗೆ ಅವು ಯಾವುದೋ ರೆಸಾರ್ಟಿನ ಬಾಳೆಲೆಯಲ್ಲಿ ಬೆಂದು ಮುಗಿದಿದ್ದವು. ಮಳೆ ಬೇಗ ಬರಲಿ ಎಂದು ಹಾರೈಸುವುದೊಂದೇ ಅವನ ಪಾಲಿಗೆ ಉಳಿದದ್ದು.

ಜೂನಿನಲ್ಲಿ ಮಳೆ ಬಂತು, ಹಿಂದೆಯೇ ನೀರೂ ಬಂತು. ಈ ಸಲ ಡಾಂಬರಿನಂತೆ ಕಪ್ಪು. ದ್ವೀಪದ ಉದ್ದಕ್ಕೂ ಪಂಜರಗಳಿದ್ದವರೆಲ್ಲ ದಡಕ್ಕೆ ಓಡಿದರು. ಕೆಲವರು ದೋಣಿಯ ಹುಟ್ಟಿನಿಂದ ನೀರು ಬಡಿದು ಗಾಳಿ ಸೇರಿಸಲು ನೋಡಿದರು. ತಮ್ಮ ತಮ್ಮ ಮೀನು ಸಾಯುತ್ತಿರುವಾಗ ತಿರುವಿನಲ್ಲಿರುವ ವರೀದ್ ಏನು ಮಾಡುತ್ತಿದ್ದಾನೆ ಎಂದು ಯಾರಿಗೂ ಬೇಕಿರಲಿಲ್ಲ. ಭಾರ್ಗವಿ ಮಗಳ ಜೊತೆ ಪಟ್ಟಣಕ್ಕೆ ಹೋಗಿದ್ದಳು. ಸುಗುಣನ್ ತನ್ನ ಭಾವನ ಪಂಜರದ ಹತ್ತಿರವಿದ್ದ.

ಫೋಟೋ ತೆಗೆಯುವಾಗ ತನ್ನ ಪಂಜರದಲ್ಲೂ ಸತ್ತ ಮೀನು ತೇಲಬೇಕಲ್ಲ. ವರೀದ್ ಆಚೆ ದಡದ ಮಾರುಕಟ್ಟೆಗೆ ದೋಣಿ ಬಿಟ್ಟ. ಅಲ್ಲಿ ಹೊರಗಿನಿಂದ ಬರುವ ಮೀನನ್ನು ಸಗಟಿಗೆ ಮಾರುವ ಹಂಸ ಎಂಬವನಿದ್ದ. ನೆಂಟರ ನಿಶ್ಚಿತಾರ್ಥಕ್ಕೆ ಬೇಕು, ಕರಿಮೀನು ಲಾರಿಯಲ್ಲಿ ಬಂದರೆ ಇಟ್ಟಿರು ಎಂದು ವರೀದ್ ಮೊದಲೇ ಹೇಳಿಟ್ಟಿದ್ದ.

"ಆಂಧ್ರದ್ದು ಚೇಟ್ಟಾ. ತಿನ್ನೋರ ನಾಲಿಗೆಗೆ ಗೊತ್ತಾಗಲ್ಲ ಬಿಡಿ. ಬೇಕಿದ್ರೆ ಮುಟ್ಟಿ ನೋಡಿ," ಎಂದ ಹಂಸ.

ವರೀದ್ ಮುಟ್ಟಿ ನೋಡಿದ. ಕೊಳೆತ ಮೀನು ಅವನಿಗೆ ಬೇಡವಾಗಿತ್ತು. ಈಗ ತಾನೇ ಸತ್ತಂತೆ ಕಾಣಬೇಕು. ಒಂದೊಂದರ ಹೊಟ್ಟೆಯನ್ನೂ ಹೆಬ್ಬೆರಳಿನಿಂದ ಒತ್ತಿದ, ಮಾಂಸ ಗಟ್ಟಿಯಾಗಿತ್ತು. ಕಿವಿರು ಎತ್ತಿದ, ಬಣ್ಣ ಇನ್ನೂ ಇತ್ತು. ತನ್ನ ಮೀನು ಇಷ್ಟು ಹೊತ್ತಿಗೆ ಎಷ್ಟು ದೊಡ್ಡದಾಗಿರುತ್ತಿತ್ತೋ ಅದೇ ಗಾತ್ರದವನ್ನೇ ಆರಿಸಿದ. ದಾರಿಯಲ್ಲಿ ಮಂಜುಗಡ್ಡೆಯನ್ನೆಲ್ಲ ನೀರಿಗೆ ಸುರಿದು, ಮೀನಿನ ಮೈಯ ಮಂಜಿನ ತಣುಪು ಹೋಗುವಂತೆ ದೋಣಿಯ ತಳದಲ್ಲಿ ಹರಡಿಕೊಂಡು ಬಂದ. ಪಂಜರ ತಲುಪುವ ಹೊತ್ತಿಗೆ ಮಳೆ ಎಷ್ಟು ದಟ್ಟವಾಗಿತ್ತೆಂದರೆ ಆಚೆ ದಡವೇ ಕಾಣುತ್ತಿರಲಿಲ್ಲ. ಉಳಿಸಿಕೊಂಡಿದ್ದ ನಾಲ್ಕು ಮೀನು ಆಗಲೇ ಸತ್ತು ತೇಲುತ್ತಿದ್ದವು. ತಂದದ್ದಕ್ಕೆ ತಳದ ಕಪ್ಪು ಕೆಸರು ಸವರಿ ಅವುಗಳ ನಡುವೆ ಬಿಟ್ಟ. ಖಾಲಿ ಪೆಟ್ಟಿಗೆಗಳು ನೀರಿನ ಜೊತೆ ಸಮುದ್ರದ ಕಡೆ ಹೋದವು. ಎಲ್ಲ ಮುಗಿದ ಮೇಲೆ ಅವನು ದಡಕ್ಕೆ ಬಂದು ಎದೆ ಬಡಿದುಕೊಂಡು ಕೂಗಿದ. ಆ ಕೂಗಿನಲ್ಲಿ ಸುಳ್ಳು ಎಷ್ಟು, ನಿಜ ಎಷ್ಟು ಎಂದು ಅವನಿಗೇ ತಿಳಿಯಲಿಲ್ಲ.

ಮರುದಿನ ಇಲಾಖೆಯ ಅಧಿಕಾರಿ ಜಸೀಲಾ ಬಂದರು. ಕರವಸ್ತ್ರ ಬಂತು, ಫೋಟೋ ಆಯಿತು, ಸುಣ್ಣದ ಚೀಲ ಇಳಿಯಿತು. ಎಲ್ಲವೂ ವರೀದ್ ಅಂದುಕೊಂಡ ಹಾಗೆಯೇ. ದಡದ ಮೇಲೆ ಮೀನಿನ ರಾಶಿಯ ಪಕ್ಕ ಕುಳಿತಿದ್ದ ಭಾರ್ಗವಿ ಎದ್ದು ನಿಂತದ್ದು ಆಗ.

"ಹೂಳಬೇಡಿ."

"ಚೇಚಿ, ವಾಸನೆ ಬರುತ್ತೆ, ರೋಗ ಬರುತ್ತೆ," ಎಂದರು ಜಸೀಲಾ. "ಪರಿಹಾರಕ್ಕೆ ನಾನು ಬರೀತೀನಲ್ಲ."

"ಪರಿಹಾರ ಪ್ರತಿವರ್ಷ ಬರುತ್ತೆ ಮೇಡಂ, ಕಪ್ಪು ನೀರೂ ಪ್ರತಿವರ್ಷ ಬರುತ್ತೆ. ಯಾರು ಸಾಯಿಸಿದ್ದು ಅಂತ ಒಂದ್ಸಲ ಆದ್ರೂ ಹೇಳ್ತೀರಾ? ಈ ಮನುಷ್ಯನ್ನ ನೋಡಿ. ಹಗಲೂ ರಾತ್ರಿ ಇದರ ಹಿಂದೆ ಸತ್ತಿದಾನೆ. ಇವನ ಮೀನನ್ನ ಲ್ಯಾಬಿಗೆ ಕಳಿಸಿ. ಒಳಗೆ ಏನ್ ವಿಷ ಇದೆ ಅಂತ ಬರೆದು ಕೊಡಿ. ಅಲ್ಲೀವರೆಗೆ ನಿಮ್ಮ ದೋಣಿ ಕಡವು ಬಿಡಲ್ಲ."

"ಯಾಕೆ ಚೇಚಿ ರಗಳೆ," ಎಂದ ವರೀದ್. "ಪಾಪ ಅವರೇನ್ ಮಾಡ್ತಾರೆ."

"ನೀನ್ ಸುಮ್ನಿರು. ನಿಂದು ಮೆತ್ತಗಿನ ಜೀವ, ಅದಕ್ಕೇ ಎಲ್ಲರೂ ತುಳೀತಾರೆ."

ಜನ ಸೇರಿದರು. ಎಲ್ಲ ಪಂಜರದವರೂ ತಮ್ಮ ಮೀನನ್ನೂ ಕಳಿಸಬೇಕೆಂದು ಹಟ ಹಿಡಿದರು. ಕಡವಿನಲ್ಲಿ ಧರಣಿ ಶುರುವಾಯಿತು. ತಿರುವಿನ ಸಂಘದ ಮುಖ್ಯಸ್ಥನೆಂದು ವರೀದನನ್ನೇ ಮುಂದೆ ಕೂರಿಸಿದರು. ಸುಗುಣನ್ ಅವನ ಕೈಗೆ ಮೈಕು ತುರುಕಿದ. ತನಿಖೆಯಾಗಲಿ, ಅಪರಾಧಿಯನ್ನು ಹಿಡಿಯಿರಿ ಎಂದು ವರೀದ್ ಕೂಗಿದ. ಜನ ಇನ್ನೂ ಜೋರಾಗಿ ಕೂಗಿದರು. ಟಿವಿಯವರು ಬಂದು ಅವನ ಮುಖವನ್ನು ಹತ್ತಿರದಿಂದ ಹಿಡಿದರು. ಕುವೈತಿನಿಂದ ಹೆಂಡತಿ ಫೋನ್ ಮಾಡಿ, ನಿಮ್ಮನ್ನ ನೋಡಿ ಇಲ್ಲಿ ಎಲ್ಲರೂ ಅತ್ತರು ಎಂದಳು.

ಕಡೆಗೆ ಮೇಲಿನಿಂದ ಅಪ್ಪಣೆ ಬಂತು. ಜಸೀಲಾ ಕೈಗವಸು ಹಾಕಿಕೊಂಡು ಪ್ರತಿ ಪಂಜರದ ರಾಶಿಯಿಂದಲೂ ಪರೀಕ್ಷೆಗೆ ಮೀನು ಆರಿಸಿದರು. ವರೀದನ ರಾಶಿಯಲ್ಲಿ ಉಬ್ಬಿ ಒಡೆದಿದ್ದ ನಾಲ್ಕನ್ನು ಬದಿಗೆ ಸರಿಸಿ, ಕೆಡದೆ ಉಳಿದಿದ್ದ ಒಳ್ಳೆಯ ಮೀನನ್ನೇ ಹುಡುಕಿ ಪೆಟ್ಟಿಗೆಗೆ ಹಾಕಿದರು. ಪೆಟ್ಟಿಗೆಗೆ ಮೊಹರು ಬಿತ್ತು.

ಬರಲಿ, ಎಂದುಕೊಂಡ ವರೀದ್. ಕರಿಮೀನು ಕರಿಮೀನೇ. ಆಂಧ್ರದ್ದು ಎಂದು ಅದರ ಹಣೆಯಲ್ಲಿ ಬರೆದಿರುವುದಿಲ್ಲ. ವಿಷ ಸಿಕ್ಕರೆ ಅದು ಕಾರ್ಖಾನೆಯದು. ಸಿಗದಿದ್ದರೆ ಮೀನು ಉಸಿರುಕಟ್ಟಿ ಸತ್ತಿತು ಎನ್ನುತ್ತಾರೆ. ಯಾವ ಕಡೆಯಿಂದ ನೋಡಿದರೂ ಬಾಗಿಲು ಭದ್ರವಾಗಿತ್ತು. ಆದರೂ ಆಚೆ ದಡದ ರಸ್ತೆಯಲ್ಲಿ ಜೀಪಿನ ಸದ್ದು ಕೇಳಿದಾಗಲೆಲ್ಲ ಅವನ ಕೈ ತಾನಾಗಿ ನಿಲ್ಲುತ್ತಿತ್ತು. ಭಾರ್ಗವಿ ದಿನಾ ಮರಗೆಣಸಿನ ಕಪ್ಪ ಬೇಯಿಸಿ ತಂದು, ಅವನು ತಿನ್ನುವವರೆಗೂ ಎದುರಲ್ಲೇ ಕೂರುತ್ತಿದ್ದಳು.

ವರದಿ ಬಂದ ದಿನ ಜಸೀಲಾ ಒಬ್ಬರೇ ಬರಲಿಲ್ಲ. ಜೊತೆಗೆ ಇನ್‌ಸ್ಪೆಕ್ಟರ್ ಇದ್ದ. ಸುದ್ದಿ ತಿಳಿದು ದ್ವೀಪದ ಅರ್ಧ ಜನ ವರೀದನ ಅಂಗಳದಲ್ಲಿ ಸೇರಿದ್ದರು. ಜಸೀಲಾ ಅವನ ಮುಖ ನೋಡದೆ ಮಾತಾಡಿದರು.

"ಬೇರೆ ಯಾರ ಮೀನಲ್ಲೂ ವಿಷ ಇಲ್ಲ. ನೀರಲ್ಲಿ ಗಾಳಿ ಇಲ್ಲದೆ ಸತ್ತಿವೆ ಅಷ್ಟೇ. ನಿಮ್ಮ ಪಂಜರದ ಮೀನಲ್ಲಿ ಮಾತ್ರ ಫಾರ್ಮಲಿನ್ ಇದೆ ವರೀದ್ ಚೇಟ್ಟಾ. ಮೈ ತುಂಬಾ ಇದೆ."

"ಫಾರ್ಮಲಿನ್ ಅಂದ್ರೆ?" ಎಂದು ಯಾರೋ ಕೇಳಿದರು.

"ಆಸ್ಪತ್ರೆಯಲ್ಲಿ ಹೆಣ ಕೆಡದೆ ಇರ್ಲಿ ಅಂತ ಹಾಕ್ತಾರಲ್ಲ, ಅದು," ಎಂದ ಇನ್‌ಸ್ಪೆಕ್ಟರ್. "ಮೀನಿಗೆ ಹುಳ ಬಿದ್ರೆ ಸಾಕೋರು ಕೆಲವರು ನೀರಿಗೆ ಹೊಯ್ತಾರಂತೆ. ಜಾಸ್ತಿ ಹೊಯ್ದ್ರೆ ನೀರಿನ ಗಾಳಿ ಎಲ್ಲ ಹೀರ್ಕೊಳ್ಳುತ್ತಂತೆ. ತಿರುವಲ್ಲಿ ಮೊದಲನೇ ಪಂಜರ ನಿಂದು. ಅಲ್ಲಿಂದ ಕೆಳಗೆ ಇರೋದೆಲ್ಲ ಸತ್ತಿದೆ. ಕಾರ್ಖಾನೆಯವರ ವಕೀಲರು ಬೆಳಿಗ್ಗೆಯಿಂದ ಸ್ಟೇಷನ್ನಲ್ಲೇ ಕೂತಿದಾರೆ. ಎಷ್ಟು ಕ್ಯಾನ್ ಹೊಯ್ದೆ, ಹೇಳು."

ಸುಗುಣನ್ ಒಂದು ಹೆಜ್ಜೆ ಹಿಂದೆ ಸರಿದ. ಅವನ ಭಾವ ಒಂದು ಹೆಜ್ಜೆ ಮುಂದೆ ಬಂದ. ಭಾರ್ಗವಿ ಮಾತ್ರ ಅವನಿಗೆ ಅಡ್ಡ ಬಂದು ವರೀದನ ತೋಳು ಹಿಡಿದುಕೊಂಡಳು. "ಇವನು ಒಂದು ಹನಿ ಹೊಯ್ಯೋನಲ್ಲ," ಎಂದಳು. "ನಾನು ದಿನಾ ನೋಡಿದೀನಿ. ಹಿಂಡಿ ಬಿಟ್ರೆ ಬೇರೇನೂ ನೀರಿಗೆ ಬಿದ್ದಿಲ್ಲ."

"ಹಾಗಾದ್ರೆ ಮೀನಿನ ಮೈಗೆ ಎಲ್ಲಿಂದ ಬಂತು ಅಮ್ಮಾ?" ಎಂದ ಇನ್‌ಸ್ಪೆಕ್ಟರ್.

ಎಲ್ಲಿಂದ ಬಂತು ಎಂಬುದು ಆ ಅಂಗಳದಲ್ಲಿ ವರೀದನೊಬ್ಬನಿಗೆ ಗೊತ್ತಿತ್ತು, ಅದೂ ಆ ಗಳಿಗೆಯಲ್ಲಷ್ಟೇ ಗೊತ್ತಾಯಿತು. ಎರಡು ರಾಜ್ಯದ ಗಡಿ ದಾಟಿ ಲಾರಿಯಲ್ಲಿ ಬಂದ ಮೀನು ಬರೀ ಮಂಜುಗಡ್ಡೆಯಿಂದ ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ. ಉಳಿಯಲಿ ಎಂದು ದಾರಿಯಲ್ಲಿ ಅದನ್ನೇ ಸುರಿದಿರುತ್ತಾರೆ. ಬೆರಳಿಗೆ ಗಟ್ಟಿಯಾಗಿ ತಾಗಿತೆಂದು ಅವನು ಖುಷಿಪಟ್ಟಿದ್ದ, ಯಾಕೆ ಗಟ್ಟಿ ಎಂದು ಕೇಳಿರಲಿಲ್ಲ. ಇಷ್ಟನ್ನು ಹೇಳಿದರೆ ಇಡೀ ದ್ವೀಪದ ಮೀನು ಸಾಯಿಸಿದ ಆಪಾದನೆ ಇಲ್ಲೇ ಬಿದ್ದುಹೋಗುತ್ತದೆ. ಆದರೆ ಹೇಳಿದ ಮೇಲೆ ತೋಳು ಹಿಡಿದಿರುವ ಈ ಕೈ ಹಿಡಿದೇ ಇರುವುದಿಲ್ಲ. "ಹೆದರ್ಬೇಡ ವರೀದೇ," ಎಂದಳು ಭಾರ್ಗವಿ, ಇನ್ನೂ ಬಿಗಿಯಾಗಿ ಹಿಡಿದುಕೊಂಡು. "ಅದು ನಮ್ಮ ಮೀನೇ, ನೀನು ಸಾಕಿದ್ದೇ ಅಂತ ಇವರಿಗೆ ಹೇಳು."