ಹಳದಿ ಹೂ ಬಿಟ್ಟ ದಿನ ಫೋನ್ ಮಾಡಿ

"ನೀವು!..."

ಸೋದರತ್ತೆಯ ಮನೆಯ ಹಿತ್ತಲ ಬಾಗಿಲು ದಾಟಿದವಳು ಹಾಗೆಯೇ ನಿಂತುಬಿಟ್ಟಳು. ಗುಲಾಬಿ ಕುಂಡಗಳ ನಡುವೆ ಕತ್ತರಿ ಹಿಡಿದು ನಿಂತಿದ್ದವನು ಅವನೇ! ಅದೇ ಬೀದಿ ತುದಿಯ ಕನ್ನಡಕದ ಅಂಗಡಿಯವನು. ವರ್ಷದಿಂದ ಯಾರನ್ನು ಮರೆಯಬೇಕೆಂದು ಒದ್ದಾಡುತ್ತಿದ್ದಳೋ, ಅವನು.

"ಯಾವಾಗ ಬಂದ್ರಿ?" ಅವನು ಕೇಳಿದ.

"ಈಗಷ್ಟೇ."

ಅತ್ತೆಯ ಮನೆಗೆ ಯಾರೇ ಬಂದರೂ ಮೊದಲು ತೋಟ, ಆಮೇಲೆ ಕಾಫಿ. ಒಡೆದ ಬಕೆಟ್ಟು, ತೂತುಬಿದ್ದ ಪಾತ್ರೆ, ಯಾವುದು ಸಿಕ್ಕರೂ ಮಣ್ಣು ತುಂಬಿ ಹೂ ಅರಳಿಸುವ ಹೆಂಗಸು ಅವರು. ಗಿಡಗಳ ಜೊತೆ ಮಾತಾಡುವುದೂ ಉಂಟು, ಬೈಯುವುದೂ ಉಂಟು.

"ಇವರು ನಾಡಿದ್ದು ಅಂಗಡಿ ಎತ್ಕೊಂಡು ಬೇರೆ ಊರಿಗೆ ಹೋಗ್ತಿದಾರೆ ಕಣೇ. ಅದಕ್ಕೇ ನನ್ನ ಗುಲಾಬಿಗಳಿಗೆ ಕೊನೇ ಕ್ಷೌರ!" ಎಂದು ನಗುತ್ತಾ ಅತ್ತೆ ಮಲ್ಲಿಗೆ ಬಳ್ಳಿಗೆ ನೀರು ಬಿಡಲು ಹೋದರು.

ನಾಡಿದ್ದು! ಇನ್ನೆರಡೇ ದಿನ.

ಕಳೆದ ವರ್ಷ ಇದೇ ತೋಟದಲ್ಲಿ, ಅವಳು ಮೆಚ್ಚಿದ ಹಳದಿ ಗುಲಾಬಿಯನ್ನು ಕಸಿ ಕಟ್ಟಿ, ಪುಟ್ಟ ಕುಂಡವನ್ನು ಅವಳ ಕೈಗಿಟ್ಟಿದ್ದ. 'ಹಳದಿ ಹೂ ಬಿಟ್ಟ ದಿನ ಫೋನ್ ಮಾಡಿ... ಒಂದು ಮಾತು ಹೇಳೋದಿದೆ' ಎಂದಿದ್ದ.

ಬಸ್ಸಿನಲ್ಲಿ ಅದನ್ನು ಮಡಿಲಲ್ಲಿಟ್ಟುಕೊಂಡೇ ತನ್ನ ಊರು ತಲುಪಿದ್ದಳು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಡ್ಯೂಟಿ ಮುಗಿಸಿ ಬಂದರೆ ಚಪ್ಪಲಿ ಬಿಡುವ ಮೊದಲು ಗಿಡ ನೋಡಬೇಕು. ಕೊನೆಗೆ ಅರಳಿದ್ದೇನು? ತೆಳು ಎಸಳಿನ, ಗುಲಾಬಿ ಬಣ್ಣದ ಕಾಡುಹೂ!

'ಯಾವುದೋ ಗಿಡ ಕೊಟ್ಟು ಆಟ ಆಡಿಸಿದ್ರಾ? ನಾನೇ ಹುಚ್ಚಿ...'

ಅವಳು ಫೋನ್ ಮಾಡಲಿಲ್ಲ. ಆದರೂ ಫೋನ್ ರಿಂಗಾದಾಗಲೆಲ್ಲ ಮನಸ್ಸು ಅವನ ದನಿಗಾಗಿ ಹಂಬಲಿಸುತ್ತಿತ್ತು.

"ಗಿಡ... ಬದುಕಲಿಲ್ವಾ?" ಅವನು ತಲೆ ಎತ್ತದೆ ಕೇಳಿದ.

"ಚೆನ್ನಾಗೇ ಬದುಕಿದೆ. ಹಳದಿ ಹೂ ಮಾತ್ರ ಬಿಡಲ್ಲ! ಕಾಡುಗಿಡ ಕೊಟ್ಟು ಯಾಕೆ ಆಸೆ ಹುಟ್ಟಿಸಿದ್ರಿ?"

ಅವನ ಕೈಯ ಕತ್ತರಿ ನಿಂತಿತು. "ಕಸಿ ಕಟ್ಟಿದ ಜಾಗದ ಕೆಳಗಿಂದ ಚಿಗುರು ಬಂತಾ?"

"ಹ್ಞೂಂ, ಜೋರಾಗಿ ಬಂತು. ಮೇಲಿನ ಕಡ್ಡಿ ಒಣಗಿದ ಹಾಗಿತ್ತು. ರೋಗ ಚಿಗುರಿಗೂ ಹಬ್ಬೀತು ಅಂತ ಅದನ್ನ ಕತ್ತರಿಸಿ ಎಸೆದೆ."

"ಅಯ್ಯೋ ಪೆದ್ದಿ!" ಮಲ್ಲಿಗೆ ಬಳ್ಳಿಯ ಹಿಂದಿನಿಂದ ಅತ್ತೆ ಕೂಗಿದರು. "ಮೇಲಿನ ಕಡ್ಡಿನೇ ಹಳದಿ ಗುಲಾಬಿ ಕಣೇ! ಕೆಳಗಿರೋದು ಅದನ್ನ ಹೊರೋ ಕಾಡುಗುಲಾಬಿ ಬೇರು ಅಷ್ಟೇ. ನರ್ಸಮ್ಮ ಆಪರೇಷನ್ ಮಾಡಿ ಮುಗಿಸಿದಾಳೆ!"

ಅವಳ ಮುಖ ಕೆಂಪಾಯಿತು. ಮರುಕ್ಷಣ ಕಣ್ಣು ತುಂಬಿತು. ಇಡೀ ವರ್ಷ... ತನ್ನ ಕೈಯಾರೆ!

"ನೀವಾದ್ರೂ ಒಂದು ಫೋನ್ ಮಾಡಬಹುದಿತ್ತು..."

"ಹೂ ಬಿಟ್ಟಿದೆ, ನಿಮಗೇ ಇಷ್ಟ ಇಲ್ಲ ಅಂದ್ಕೊಂಡೆ. ಇಲ್ಲ ಅನ್ನೋದನ್ನ ನಿಮ್ಮ ಬಾಯಿಂದ ಕೇಳೋಕೆ ಭಯ ಆಯ್ತು."

ಅತ್ತೆಗೆ ಇದ್ದಕ್ಕಿದ್ದಂತೆ ಒಲೆಯ ಮೇಲಿಟ್ಟ ಹಾಲು ನೆನಪಾಗಿ, ಒಳಗೆ ಓಡಿದರು. ಒಲೆ ಹಚ್ಚಿಯೇ ಇರಲಿಲ್ಲ!

"ಹೋಗೋದರೊಳಗೆ ಇನ್ನೊಂದು ಕಸಿ ಕಟ್ಟಿಕೊಡ್ಲಾ?" ಅವನು ಮೆಲ್ಲಗೆ ಕೇಳಿದ.

"ಬೇಡ! ಅದು ಹೂ ಬಿಡೋವರೆಗೆ ಕಾಯೋಕೆ ನನ್ನಿಂದಾಗಲ್ಲ. ಆ ಮಾತು ಈಗಲೇ ಹೇಳಿ."

ಅವನು ಕತ್ತರಿ ಕೆಳಗಿಟ್ಟ. "ನೀವಂದ್ರೆ ನನಗೆ ಇಷ್ಟ. ತುಂಬಾ. ಆದ್ರೆ ಇಲ್ಲಿನ ಅಂಗಡಿ ಬಿಟ್ಟುಕೊಟ್ಟಾಗಿದೆ... ನಾನು ಹೋಗಲೇಬೇಕು."

ಅವಳು ಕಣ್ಣೊರೆಸಿಕೊಂಡಳು. "ಆ ಊರಲ್ಲಿ ಮಕ್ಕಳ ಆಸ್ಪತ್ರೆ ಇದೆಯಾ?"

"ಇದೆ. ಅಂಗಡಿಯಿಂದ ನಡೆದು ಹೋಗೋವಷ್ಟು ಹತ್ತಿರ."

"ನಿಮಗೆ ಹೇಗೆ ಗೊತ್ತು?"

"ಅಂಗಡಿ ಹುಡುಕೋ ಮೊದಲು ಅದನ್ನೇ ವಿಚಾರಿಸಿದ್ದೆ."