ಇಸಬಿನ ಕ್ಲಾಸು

"ಕೈ ಕೊಡಿ ಸಿಸ್ಟರ್. ಕಚ್ಚಲ್ಲ ನಾನು."

ಅವಳು ಕೊಡಲಿಲ್ಲ. ಸ್ವೆಟರಿನ ತೋಳನ್ನು ಬೆರಳ ತುದಿಯವರೆಗೆ ಎಳೆದುಕೊಂಡು, ಮೇಜಿನ ಮೇಲಿದ್ದ ಒದ್ದೆ ಪಟ್ಟಿಯನ್ನೇ ನೋಡುತ್ತ ಕೂತಳು.

ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಶನಿವಾರ ಮಧ್ಯಾಹ್ನದ ಕ್ಲಾಸು. ಇಸಬು ಇರುವವರನ್ನು ನೋಡಿಕೊಳ್ಳುವುದು ಹೇಗೆಂದು ನರ್ಸುಗಳಿಗೆ, ಫಾರ್ಮಸಿಸ್ಟುಗಳಿಗೆ, ಹೊಸ ಡಾಕ್ಟರುಗಳಿಗೆ ಒಟ್ಟಿಗೇ ಹೇಳಿಕೊಡುತ್ತಿದ್ದರು. ಪಾಠ ಮಾಡುವ ಚರ್ಮದ ಡಾಕ್ಟರನ್ನು ಎಲ್ಲರೂ 'ಮೇಡಂ' ಅನ್ನುತ್ತಿದ್ದರು. ಆ ದಿನ ಅವರು ಇಬ್ಬಿಬ್ಬರನ್ನು ಜೋಡಿ ಮಾಡಿ ಕೂರಿಸಿದ್ದರು. ಒಬ್ಬರು ರೋಗಿ; ಇನ್ನೊಬ್ಬರು ಕೈಗೆ ಕ್ರೀಮ್ ಸವರಿ, ಒದ್ದೆ ಪಟ್ಟಿ ಸುತ್ತಿ, ಅದರ ಮೇಲೆ ಒಣ ಪಟ್ಟಿ ಸುತ್ತಬೇಕು. ಮಕ್ಕಳ ವಾರ್ಡಿನ ನರ್ಸಾದ ಅವಳಿಗೆ ಜೋಡಿಯಾಗಿ ಸಿಕ್ಕಿದ್ದು ಎದುರಿನ ಔಷಧಿ ಅಂಗಡಿಯ ಫಾರ್ಮಸಿಸ್ಟ್. ಕ್ರೀಮು, ಮುಲಾಮು ಅಂತ ಕೇಳಿದ್ದೇ ಕೇಳಿ ಎಲ್ಲರ ತಲೆ ತಿಂದು, 'ಮುಲಾಮು' ಎಂದೇ ಹೆಸರು ಗಿಟ್ಟಿಸಿಕೊಂಡವನು.

"ಸೋಪು ಹಾಕಿ ತೊಳೆದಿದೀನಿ," ಎಂದು ಎರಡೂ ಅಂಗೈ ತಿರುಗಿಸಿ ತೋರಿಸಿದ. "ಓ, ಅಂಗಡಿಯವರು ಅಂದ್ರೆ ಸಸಾರಾನಾ? ಹೇಳಿಬಿಡಿ, ಮೇಡಂ ಜೋಡಿ ಬದಲಾಯಿಸ್ತಾರೆ."

ಅವಳು ಎದ್ದು ಹೊರಗೆ ಹೋದಳು.

ಕಾರಿಡಾರಿನ ಕಾಫಿ ಮಶೀನಿನ ಹತ್ತಿರ ಅವನು ಬಂದು ನಿಂತಾಗ ಮುಖದಲ್ಲಿ ನಗು ಇರಲಿಲ್ಲ. "ತಮಾಷೆಗೆ ಅಂದೆ. ಬೇಜಾರಾಯ್ತಾ?"

"ನೋಡಬೇಕಾ? ನೋಡಿ." ಅವಳು ಸ್ವೆಟರಿನ ತೋಳನ್ನು ಮೊಣಕೈ ಮೇಲಕ್ಕೆ ಸರಕ್ಕನೆ ಎಳೆದಳು.

ಒಣಗಿ ಬಿರಿದ ಚರ್ಮ. ಕೆರೆದ ಕಡೆಯೆಲ್ಲ ಕಂದು ಗೀರು. ಮೊಣಕೈ ಮಡಿಕೆಯಲ್ಲಿ ದಪ್ಪಗೆ, ಕಪ್ಪಗೆ. 'ಅಯ್ಯೋ' ಅನ್ನುತ್ತಾನೆಂದು ಅವಳು ಕಾದಳು. ಎಲ್ಲರೂ ಅನ್ನುತ್ತಿದ್ದರು, ಆಮೇಲೆ ತಮಗೇ ಗೊತ್ತಾಗದ ಹಾಗೆ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ಅವನು ಬಗ್ಗಿ ನೋಡಿದ. "ಈ ಬಿರುಕು ಹೊಸದು ಅಲ್ವಾ? ನೀರು ಬಿದ್ರೆ ಪ್ರಾಣ ಹೋಗುತ್ತೆ. ವಾರ್ಡಲ್ಲಿ ದಿನವಿಡೀ ಕೈ ತೊಳೀತಾ ಹೇಗ್ರೀ ಇರ್ತೀರಿ?"

ಅವಳು ತೋಳು ಕೆಳಗೆಳೆಯಲಿಲ್ಲ. ಇಷ್ಟು ವರ್ಷ ಜನ 'ಅಂಟುತ್ತಾ?' ಅಂತ ಕೇಳಿದ್ದರೇ ಹೊರತು, 'ಉರಿಯುತ್ತಾ?' ಅಂತ ಯಾರೂ ಕೇಳಿರಲಿಲ್ಲ.

ಒಳಗೆ ಹೋಗಿ ಕೈ ಕೊಟ್ಟಳು. ಅವನು ಉಜ್ಜಲಿಲ್ಲ, ರೋಮ ಬಾಗಿದ ದಿಕ್ಕಿನಲ್ಲೇ, ಹೇಳಿಕೊಟ್ಟ ಹಾಗೇ, ಮೆಲ್ಲಗೆ ಸವರಿದ. ಬಗ್ಗಿದ ಅವನ ತಲೆಯಲ್ಲಿ ಎರಡು ಸುಳಿ ಕಂಡವು.

"ಎರಡು ಸುಳಿ," ಅಂದುಬಿಟ್ಟಳು. "ಅದಕ್ಕೇ ಇಷ್ಟೊಂದು ತರಲೆ."

ಅವನು ತಲೆಯೆತ್ತಿದ. ಕಣ್ಣಿಗೆ ಕಣ್ಣು ಸಿಕ್ಕಿತು. ಬಿಡಿಸಿಕೊಂಡವಳು ಅವಳೇ, ಆದರೆ ತುಸು ತಡವಾಗಿ.

ಆಮೇಲಿನ ಶನಿವಾರಗಳಲ್ಲಿ ಅವನು ಮೊದಲೇ ಬಂದು, ಪಕ್ಕದ ಕುರ್ಚಿಯ ಮೇಲೆ ಬ್ಯಾಗಿಟ್ಟು ಜಾಗ ಕಾಯುತ್ತಿದ್ದ. ಮೇಡಂ ಸ್ಟೀರಾಯ್ಡಿನ ಬಗ್ಗೆ ಹೇಳುತ್ತಿದ್ದರೆ ಅವನು ಅವಳ ಕಿವಿಯ ಹತ್ತಿರ ಗುನುಗುತ್ತಿದ್ದ: "ಸಿಸ್ಟರ್, ನಿದ್ದೆ ಬರ್ತಿದೆ. ಚಿವುಟಿ."

"ಮೊದಲು ಆ ಸಿಸ್ಟರ್ ಅನ್ನೋದು ಬಿಡಿ."

"ಯಾಕೆ?"

ಅವಳ ಕೆನ್ನೆ ಬಿಸಿಯಾಯಿತು. ಅವನು ಅರ್ಥ ಮಾಡಿಕೊಂಡು, ಕ್ಲಾಸು ಮುಗಿಯುವವರೆಗೂ ತುಟಿ ಕಚ್ಚಿ ನಗು ನುಂಗುತ್ತ ಕೂತ.

ಒಂದು ದಿನ ಮೇಡಂ ಅವರಿಬ್ಬರನ್ನೂ ಎದ್ದು ಮುಂದೆ ಬರಲು ಹೇಳಿದರು. "ಇಸಬು ಚರ್ಮಕ್ಕಷ್ಟೇ ಅಲ್ಲ, ಮನೆಗೂ ಬರುತ್ತೆ. ರೋಗಿ ಹತ್ರ ಅದನ್ನ ಕೇಳೋದು ಹೇಗೆ ಅಂತ ಮಾಡಿ ತೋರಿಸಿ. ನೀವು ಕೇಳಿ, ಇವರು ರೋಗಿಯ ಪಾತ್ರ ಮಾಡ್ತಾರೆ."

ಅವನು ಗಂಟಲು ಸರಿಮಾಡಿಕೊಂಡ. "ನಿದ್ದೆ ಹೇಗಿದೆ ನಿಮ್ಮದು?"

"ಇಲ್ಲ."

"ಮನೆಯವರಿಗೆ ತೊಂದರೆ ಆಗ್ತಿದೆಯಾ?"

ಮನಸ್ಸಿನಲ್ಲೇ ಸಿದ್ಧಮಾಡಿಕೊಂಡಿದ್ದ ಸುಳ್ಳು ಉತ್ತರ ನಾಲಿಗೆಗೆ ಬರಲಿಲ್ಲ. "ಗಂಡ ಇದ್ರು," ಎಂದಳು. "ಒಳ್ಳೆಯವರೇ. ಕೆರೆಯೋ ಸದ್ದಿಗೆ ಅವರಿಗೆ ನಿದ್ದೆ ಬರ್ತಿರಲಿಲ್ಲ. ಮೊದಲು ಹಾಲಲ್ಲಿ ಹಾಸಿಗೆ ಹಾಕ್ಕೊಂಡ್ರು. ಆಮೇಲೆ ಅವರಮ್ಮನ ಮನೆಗೆ ಹೋದ್ರು. ಬೈಲಿಲ್ಲ, ಹೊಡೀಲಿಲ್ಲ. ಸುಮ್ಮನೆ ದಣಿದುಬಿಟ್ರು."

ಕೊನೆಯ ಪ್ರಶ್ನೆಗೆ ಅವನ ದನಿ ಒಡೆಯಿತು. "ಈ ಚಿಕಿತ್ಸೆಯಿಂದ ನಿಮಗೆ ಏನಾಗಬೇಕು ಅಂತಿದೆ?"

"ಯಾರದಾದ್ರೂ ಪಕ್ಕದಲ್ಲಿ ಬೆಳಗಿನವರೆಗೂ ಮಲಗಬೇಕು. ಅಷ್ಟೇ."

ಮೇಡಂ ಮೆಲ್ಲಗೆ ಅವಳ ಭುಜ ತಟ್ಟಿ, ಎಲ್ಲರನ್ನೂ ಕಾಫಿಗೆ ಕಳಿಸಿದರು.

ಮೆಟ್ಟಿಲ ಮೇಲೆ ಅವನು ಅವಳನ್ನು ತಡೆದ. "ನಾನು ಗಟ್ಟಿ ನಿದ್ದೆಯವನು. ಬಾಂಬ್ ಬಿದ್ರೂ ಏಳಲ್ಲ."

"ಕರುಣೆ ಬೇಡ ನನಗೆ."

"ಕರುಣೆ ಇದ್ದಿದ್ರೆ ಒಂದು ಟ್ಯೂಬ್ ಕೊಟ್ಟು ಕಳಿಸ್ತಿದ್ದೆ ಕಣ್ರೀ. ನನಗೆ ನೀವು ಬೇಕು."

ಅವಳು ಮನೆಗೆ ಹೋಗಿ ಅಕ್ಕನ ಹತ್ತಿರ ಹೇಳಿದಳು. ಗಂಡ ಬಿಟ್ಟ ಮೇಲೆ ಅವಳು ಅಕ್ಕ ಭಾವನ ಜೊತೆಗೇ ಇದ್ದಳು. "ಇನ್ನೂ ಏನು ಯೋಚನೆ ಮಾಡ್ತಿದೀಯ?" ಎಂದು ಅಕ್ಕ ಗದರಿದಳು; ಗದರುತ್ತಲೇ ಅತ್ತಳು.

ಮೇಡಂ ಅವಳ ಇಸಬಿಗೆ ಹೊಸ ಮಾತ್ರೆ ಶುರು ಮಾಡಿದರು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು ಅನ್ನುವ ಎಚ್ಚರಿಕೆಯೊಂದಿಗೆ. ನಿಧಾನಕ್ಕೆ ಗೀರು ಮಾಸಿತು. ತುರಿಕೆ ತಗ್ಗಿತು. ಅವಳು ಅರ್ಧ ತೋಳಿನ ಅಂಗಿ ಹಾಕಿಕೊಂಡು ಬೀದಿಗಿಳಿದ ದಿನ, ಅಂಗಡಿಯ ಕೌಂಟರಿನ ಹಿಂದೆ ಅವನು ಗಿರಾಕಿಯ ಚಿಲ್ಲರೆ ಕೈಯಲ್ಲೇ ಹಿಡಿದು ನೋಡುತ್ತ ನಿಂತುಬಿಟ್ಟ.

"ರೀ, ಚಿಲ್ಲರೆ ಕೊಡ್ರೀ," ಎಂದರು ಗಿರಾಕಿ.

ಅಂದು ಇಬ್ಬರೂ ಸುಮ್ಮನೆ ಬೀದಿ ಬೀದಿ ನಡೆದರು. ಅವಳ ಬರಿಯ ತೋಳು ಅವನ ತೋಳಿಗೆ ತಾಗುತ್ತಿತ್ತು. ಮದುವೆಯ ಮಾತು ಬಂತು. ಅವನ ತಾಯಿಯನ್ನು ಬಂದು ನೋಡುವುದಾಗಿಯೂ ಒಪ್ಪಿದಳು.

ನೋಡುವ ಮೊದಲೇ ರಕ್ತದ ರಿಪೋರ್ಟ್ ಬಂತು. ಮಾತ್ರೆ ಅವಳ ಲಿವರಿಗೆ ಆಗಿಬರುತ್ತಿರಲಿಲ್ಲ. ನಿಲ್ಲಿಸಲೇಬೇಕಾಯಿತು. ನಿಲ್ಲಿಸಿದ್ದೇ ತಡ, ಇಸಬು ಮೊದಲಿಗಿಂತ ಕೆರಳಿ ಎದ್ದಿತು. ಕುತ್ತಿಗೆ, ಮುಖ, ರೆಪ್ಪೆ. ಬಿರುಕುಗಳಲ್ಲಿ ಸೋಂಕು ಸೇರಿ ಜ್ವರ ಬಂದು, ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ಅವಳು ಮಂಚ ಹಿಡಿದಳು. ಇನ್ನು ದಿನವಿಡೀ ನೀರಲ್ಲಿ ಕೈಯಿಡುವ ವಾರ್ಡಿನ ಕೆಲಸ ಬೇಡ ಎಂದು ಮೇಡಂ ಹೇಳಿದರು. ಬೇರೆ ಮಾತ್ರೆಗಳಿವೆ, ನೋಡೋಣ ಎಂದೂ ಹೇಳಿದರು. ಆ 'ನೋಡೋಣ' ಅವಳ ಕಿವಿಗೆ ಬೀಳಲಿಲ್ಲ.

ಅವನು ದಿನಾ ಸಂಜೆ ಬಂದ. ಸೋಂಕಿರುವಾಗ ಒದ್ದೆ ಪಟ್ಟಿ ಸುತ್ತಬಾರದು. ಅದನ್ನೂ ಅದೇ ಕ್ಲಾಸಿನಲ್ಲಿ ಕಲಿತಿದ್ದ. ಹಾಗಾಗಿ ತನ್ನ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದ. ಬರಬರುತ್ತ ಅವನ ತಮಾಷೆ ನಿಂತಿತು. ಕಣ್ಣ ಕೆಳಗೆ ಕಪ್ಪು ಕಟ್ಟಿತು. ಗಟ್ಟಿ ನಿದ್ದೆಯ ಮನುಷ್ಯ ಕುರ್ಚಿಯಲ್ಲಿ ಕೂತಲ್ಲೇ ತೂಕಡಿಸಿ, ಅವಳು ಕೆರೆದುಕೊಂಡಾಗಲೆಲ್ಲ ಬೆಚ್ಚಿ ಏಳುತ್ತಿದ್ದ.

ಅವಳು ಅದನ್ನು ನೋಡಿದಳು. ಆ ಮುಖ ಅವಳಿಗೆ ಗೊತ್ತಿತ್ತು. ಹಾಲಿನಲ್ಲಿ ಹಾಸಿಗೆ ಹಾಸುವ ಮೊದಲು ಗಂಡನ ಮುಖವೂ ಹೀಗೇ ಇತ್ತು.

"ನಾಳೆಯಿಂದ ಬರಬೇಡಿ," ಎಂದಳು.

"ಯಾಕೆ? ಏನಾಯ್ತು?"

"ನೀವು ದಣೀತಿದೀರಿ."

"ದಣೀತೀನಿ, ನಿಜ. ಮನುಷ್ಯ ತಾನೇ? ದಣಿದ್ರೆ ನಾಳೆ ಮತ್ತೆ ಬರ್ತೀನಿ."

"ಒಂದು ದಿನ ಬರಲ್ಲ. ಆ ದಿನ ಯಾವಾಗ ಅಂತ ಕಾಯ್ತಾ ಕೂರೋಕೆ ನನ್ನಿಂದಾಗಲ್ಲ. ಒಂದು ಸಲ ಕಾದಿದೀನಿ." ರೆಪ್ಪೆ ಊದಿ ಅವನ ಮುಖ ಮಸುಕಾಗಿತ್ತು. "ಪ್ರೀತಿ ಇಲ್ಲ ಅಂದ್ಕೋಬೇಡಿ. ಇದೆ. ಆ ಕಾರಿಡಾರಿನಲ್ಲಿ ಬಗ್ಗಿ ನೋಡಿದ್ರಲ್ಲ, ಅವತ್ತಿಂದಾನೇ ಇದೆ. ಇದ್ದಾಗಲೇ ಹೋಗಿಬಿಡಿ."

"ನಾನು ಅವರಲ್ಲ ಕಣೇ." ಮೊದಲ ಸಲ ಏಕವಚನದಲ್ಲಿ ಕರೆದಿದ್ದ.

"ಗೊತ್ತು. ಆದ್ರೆ ನಾನು ಅವರು ಬಿಟ್ಟುಹೋದ ಅವಳೇ."

ಅವನು ಮುಟ್ಟಬೇಕೆಂದು ಕೈ ಎತ್ತಿದ. ಬ್ಯಾಂಡೇಜಿಲ್ಲದ, ಗಾಯವಿಲ್ಲದ ಜಾಗ ಹುಡುಕಿದ. ಕೊನೆಗೆ ಅವಳ ಕೂದಲ ಮೇಲೆ ಒಂದೇ ಒಂದು ಸಲ ಅಂಗೈ ಇಟ್ಟು, ಎದ್ದು ನಡೆದ. ವಾರ್ಡಿನ ಬಾಗಿಲಲ್ಲಿ ನಿಂತ. ಅವಳು ಕಣ್ಣು ಮುಚ್ಚಿಕೊಂಡಳು. ತೆರೆದಾಗ ಬಾಗಿಲು ಖಾಲಿಯಿತ್ತು.

ಒಗೆದ ಬಟ್ಟೆಯ ಗಂಟು ಹಿಡಿದು ಅಕ್ಕ ಬಂದಳು. "ಮೆಟ್ಟಿಲ ಹತ್ರ ಸಿಕ್ಕಿದ್ರು ಕಣೆ. ಮಾತಾಡಿಸಿದ್ರೆ ಮುಖ ಕೊಡಲಿಲ್ಲ. ಏನಂದೆ ನೀನು?"

"ಕಳಿಸಿಬಿಟ್ಟೆ ಅಕ್ಕ."

ಈ ಸಲ ಅಕ್ಕ ಗದರಲಿಲ್ಲ. ಗಂಟು ಕೆಳಗಿಟ್ಟು, ಮಂಚದ ಅಂಚಿನಲ್ಲಿ ಕೂತು, ಕಿಟಕಿಯಾಚೆ ನೋಡಿದಳು. "ಇನ್ನೂ ಕೆಳಗೇ ಇದಾರೆ. ರಸ್ತೆ ದಾಟ್ತಿಲ್ಲ, ನಿಂತಿದಾರೆ. ಕರೀಲಾ?"

ಅವಳ ಕಣ್ಣು ತುಂಬಿತು. ಬಿರಿದ ಕೆನ್ನೆಯ ಮೇಲೆ ಹರಿದ ಕಣ್ಣೀರು ಖಾರದ ಹಾಗೆ ಉರಿಯಿತು. ಒರೆಸಿಕೊಳ್ಳೋಣವೆಂದರೆ ಕೈಗಳೆರಡಕ್ಕೂ ಬ್ಯಾಂಡೇಜು. ಅಕ್ಕ ಮೆತ್ತನೆಯ ಹತ್ತಿಬಟ್ಟೆ ತಂದು, ಉಜ್ಜದೆ, ಒತ್ತಿ ಒತ್ತಿ ತೇವ ತೆಗೆದಳು. ತೆಗೆದಷ್ಟೂ ಬಂತು.

"ಕರೀಲೇನೇ?"

"ಬೇಡ," ಎಂದಳು. ಆಮೇಲೆ ತಾನೇ ಕೇಳಿದಳು, "ಇನ್ನೂ ಇದಾರಾ?"

ಅಕ್ಕ ಮತ್ತೆ ಕಿಟಕಿಗೆ ಹೋದಳು. ಕೆಳಗೆ ಅವನು ನಿಂತಿದ್ದ ಜಾಗ ಖಾಲಿಯಿತ್ತು. ಅವಳು ಪರದೆ ಎಳೆದು ವಾಪಸು ಬಂದು, ತಂಗಿಯ ಹೊದಿಕೆ ಸರಿಮಾಡತೊಡಗಿದಳು.