ನಾಲ್ಕನೇ ನಂಬರಿನ ಯೀಸ್ಟ್

"ಏನ್ರಿ ಅದು! ಬಾಗಲಾ ಹಾಕ್ರಿ ಮೊದಲ!"

ಅಂಜನಾ ಕೂಗಿದ ರಭಸಕ್ಕೆ, ಲ್ಯಾಬಿನಲ್ಲಿ ಒಂದೇ ಶಾಖ ಕಾಯುವ ಇನ್‌ಕ್ಯುಬೇಟರ್ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಯುವಕ ಬೆಚ್ಚಿ ತಿರುಗಿದ.

ಆ ಪೆಟ್ಟಿಗೆಯೊಳಗೆ ಅವಳ ಅರವತ್ತು ದಿನಗಳ ದುಡಿಮೆಯಿತ್ತು!

"ನಾ ಯಮನೂರ ರಿ, ಇಳಕಲ್ಲಿನಾಂವ. ಮಶೀನ್ ನೋಡಾಕ ಜಯಶ್ರೀ ಮೇಡಂ ಕರಿಸ್ಯಾರ," ಎಂದು ಅವನು ಕೈಯಲ್ಲಿದ್ದ ಥರ್ಮಾಮೀಟರ್ ತೋರಿಸಿದ. "ಹೊರಗ ಮೂವತ್ತೊಂಬತ್ತು ಅಂತ ತೋರ್ಸತೈತಿ. ಒಳಗ ನಲವತ್ತೊಂದೂವರಿ ಐತ್ರಿ. ಮುಂಜಾನಿಂದ ಏರಾಕತ್ತೈತಿ."

ಅಂಜನಾ ಥರ್ಮಾಮೀಟರನ್ನು ಕಸಿದುಕೊಂಡು ನೋಡಿದಳು. 'ಇವನು ಬರದೇ ಹೋಗಿದ್ದರೆ ನನ್ನ ಯೀಸ್ಟ್ ಎಲ್ಲಾ ಸತ್ತುಹೋಗುತ್ತಿತ್ತು...'

ಅಂಜನಾ ಗುಳೇದಗುಡ್ಡದವಳು. ತಾಯಿ ರೇಣವ್ವ ಮನೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯ್ದು ಮಗಳನ್ನು ಓದಿಸಿದ್ದಳು. ಈಗ ಮಗಳು ಬಾಗಲಕೋಟೆಯ ಕಾಲೇಜೊಂದರಲ್ಲಿ ಜಯಶ್ರೀ ಮೇಡಂ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದಳು. ಸಕ್ಕರೆ ಕಾರ್ಖಾನೆಗಳ ಎಥೆನಾಲ್ ಟ್ಯಾಂಕುಗಳಲ್ಲಿ ಶಾಖ ಏರಿದರೆ, ಸಕ್ಕರೆಯನ್ನು ಹುದುಗಿಸುವ ಸೂಕ್ಷ್ಮಜೀವಿಯಾದ ಯೀಸ್ಟ್ ಸೋಲುತ್ತದೆ. ಶಾಖದಲ್ಲೇ ಬಹಳ ಕಾಲ ಬೆಳೆಸಿದರೆ ಅದರ ಜೀನುಗಳಲ್ಲಿ ಏನು ಬದಲಾಗುತ್ತದೆ? ಅದೇ ಅವಳ ಸಂಶೋಧನೆ. ಆರು ಗಾಜಿನ ನಳಿಕೆಗಳು, ಎರಡು ದಿನಕ್ಕೊಮ್ಮೆ ಹೊಸ ಆಹಾರ, ಸದಾ ಮೂವತ್ತೊಂಬತ್ತು ಡಿಗ್ರಿ.

ಯಮನೂರ ಅಂದೇ ಮಶೀನ್ ಸರಿಮಾಡಿದ. ಆಮೇಲೂ ವಾರಕ್ಕೊಮ್ಮೆ ಬಂದು ನೋಡಿಹೋಗುತ್ತಿದ್ದ. ಬಂದವನು ಬೇಗ ಹೋಗುತ್ತಿರಲಿಲ್ಲ... ಅವಳೂ ಕಳಿಸುತ್ತಿರಲಿಲ್ಲ!

"ಈ ನಾಲ್ಕನೇದು ಉಳಿದವಕ್ಕಿಂತ ಜೋರ ಬೆಳದೈತಲ್ರಿ?" ಎಂದು ಒಮ್ಮೆ ಕೇಳಿದ.

"ಹೋದ ಪರೀಕ್ಷೆಯಾಗ ಗೊತ್ತಾತು, ಅದು ಒಂದ ಕ್ರೋಮೋಸೋಮ್, ಅಂದ್ರ ಜೀನುಗಳ ಒಂದ ಗಂಟು, ಹೆಚ್ಚಿಗಿ ಇಟ್ಕೊಂಡೈತಿ. ಬಿಸಿ ತಡಿಯಾಕ ಗಡಿಬಿಡಿಯಾಗ ಮಾಡ್ಕೊಂಡ ಉಪಾಯ. ಆದ್ರ ಅದನ್ನ ಸಾಕೂದು ತ್ರಾಸ. ತಂಪ ಸಿಕ್ಕರ ಅದನ್ನ ಬಿಟ್ಟ ಬಿಡತೈತಿ."

ನಂತರ ಅಂಜನಾಳಿಗೆ ಡೆಂಗಿ ಜ್ವರ ಬಂತು. ಮೇಡಂ ಊರಲ್ಲಿರಲಿಲ್ಲ. ಬೇರೆ ಕ್ರಿಮಿ ಸೇರದಂತೆ ಬೆಂಕಿಯ ಪಕ್ಕದಲ್ಲಿ ನಳಿಕೆ ತೆರೆದು, ಒಂದು ಹನಿ ಹೊಸ ನಳಿಕೆಗೆ ಹಾಕುವುದನ್ನು ಅವಳು ಯಮನೂರನಿಗೆ ಹಿಂದೆಯೇ ಕಲಿಸಿದ್ದಳು. ಆಗ ಅವನ ಬೆರಳುಗಳು ತನ್ನವಕ್ಕಿಂತ ಸ್ಥಿರವಾಗಿದ್ದದ್ದನ್ನು ಕಂಡು ನಕ್ಕಿದ್ದಳು.

"ನೀವು ಆರಾಮ ಆಗ್ರಿ. ನಾ ಅದೇನಿ," ಎಂದ ಅವನು ಫೋನಿನಲ್ಲಿ.

ಹತ್ತು ದಿನ ಇಳಕಲ್ಲಿನಿಂದ ಬಸ್ಸಿನಲ್ಲಿ ಓಡಾಡಿದ. ಕರೆಂಟ್ ಹೋದಾಗ ತನ್ನದೇ ಬ್ಯಾಟರಿ ತಂದು ಜೋಡಿಸಿದ.

ತಿಂಗಳ ನಂತರ ಜೀನ್ ಪರೀಕ್ಷೆಯ ವರದಿ ಬಂತು. ಆ ಹತ್ತು ದಿನಗಳು ಮುಗಿದಾಗ ತೆಗೆದಿಟ್ಟ ನಾಲ್ಕನೇ ನಂಬರಿನಲ್ಲಿ ಹೆಚ್ಚುವರಿ ಕ್ರೋಮೋಸೋಮ್ ಇರಲಿಲ್ಲ!

"ನೀ ಇಲ್ದಾಗ ಶಾಖ ಇಳದೈತಿ ಅಂಜನಾ," ಎಂದರು ಮೇಡಂ. "ಮಶೀನ್ ಬಂದ್ ಬಿದ್ದಿರಬೇಕು. ಯಮನೂರ ಹೇಳಾಕ ಅಂಜ್ಯಾನ."

ಅವತ್ತೇ ಯಮನೂರ ಬಂದ. ಅಂಜನಾ ಅವನನ್ನು ಕೂರಿಸಲೂ ಇಲ್ಲ.

"ಖರೆ ಹೇಳ್ರಿ. ಮಶೀನ್ ಬಂದ್ ಆಗಿತ್ತಿಲ್ಲೋ?"

"ಇಲ್ರಿ. ಒಂದ್ ತಾಸೂ ಬಂದ್ ಆಗಿಲ್ಲ."

"ಸುಳ್ಳ ಹೇಳಬ್ಯಾಡ್ರಿ! ಎಲ್ಲಾ ಹಾಳಾತು!"

ಅವನ ಮುಖ ಕಪ್ಪಿಟ್ಟಿತು. ಲ್ಯಾಬಿನ ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಆಮೇಲೆ ಅವನು ಬರಲಿಲ್ಲ. ಫೋನೂ ಇಲ್ಲ. 'ತಪ್ಪು ಅವನದೇ. ನನಗೇಕೆ ಅಳು ಬರಬೇಕು?' ಎಂದು ಅವಳು ತನ್ನನ್ನೇ ಬೈದುಕೊಂಡಳು.

ಆದರೂ ಹಾಳಾದದ್ದನ್ನು ಪ್ರಬಂಧದಲ್ಲಿ ದಾಖಲಿಸಲೇಬೇಕಿತ್ತು. ಹತ್ತು ದಿನಗಳ ಕೊನೆಯಲ್ಲಿ ಫ್ರೀಜರಿನಲ್ಲಿಟ್ಟಿದ್ದ ನಾಲ್ಕನೇ ನಂಬರನ್ನು ಹೊರತೆಗೆದು ಮತ್ತೆ ಮೂವತ್ತೊಂಬತ್ತು ಡಿಗ್ರಿಗಿಟ್ಟಳು. ತಂಪಿನಲ್ಲಿ ಕ್ರೋಮೋಸೋಮ್ ಬಿಟ್ಟ ಯೀಸ್ಟ್ ಆಗಿದ್ದರೆ, ಈ ಶಾಖದಲ್ಲಿ ಸೊರಗಬೇಕು.

ಮರುದಿನ ನಳಿಕೆ ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಮೊದಲಿಗಿಂತ ಜೋರು!

ಅಂಜನಾ ಮೂರು ಸಲ ಪರೀಕ್ಷಿಸಿದಳು. ಮೂರು ಸಲವೂ ಅದೇ. ಹಳೆಯ ವರದಿಯನ್ನು ಹರಡಿಕೊಂಡು ಮತ್ತೆ ಓದಿದಳು. ಕ್ರೋಮೋಸೋಮ್ ಎಣಿಸುವ ಅವಸರದಲ್ಲಿ ಅವಳು ನೋಡದೇ ಬಿಟ್ಟದ್ದು ಅಲ್ಲಿತ್ತು: ಒಂದು ಜೀನಿನಲ್ಲಿ ಸಣ್ಣ ಬದಲಾವಣೆ. ಶಾಖ ತಡೆಯಲು ಶಾಶ್ವತ ದಾರಿ ಸಿಕ್ಕಮೇಲೆ ಯೀಸ್ಟ್ ಹೆಚ್ಚುವರಿ ಕ್ರೋಮೋಸೋಮಿನ ಹಳೆಯ ಹೊರೆಯನ್ನು ಇಳಿಸಿತ್ತು. ಶಾಖ ಒಂದೇ ಸಮ ಇದ್ದದ್ದರಿಂದಲೇ ಆ ಹೊಸ ಯೀಸ್ಟ್ ಗೆದ್ದಿತ್ತು.

ಅಂದರೆ ಯಮನೂರ ಹೇಳಿದ್ದು ನಿಜ...

ಮೇಡಂಗೆ ಎಲ್ಲವನ್ನೂ ತೋರಿಸಿ, ಅವಳು ನೇರವಾಗಿ ಇಳಕಲ್ ಬಸ್ ಹತ್ತಿದಳು.

ತನ್ನ ರಿಪೇರಿ ಅಂಗಡಿಯಲ್ಲಿ ಯಮನೂರ ಹಳೆಯ ಫ್ರಿಜ್ ಒಂದನ್ನು ಬಿಚ್ಚುತ್ತಿದ್ದ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ಅವನು ಕೈ ಒರೆಸಿಕೊಂಡ.

"ಛಲೋ ಆತ್ರಿ. ಆದ್ರ ಒಂದ ಮಾತು... ಯೀಸ್ಟ್ ಬೆಳೀದಿದ್ರ ನನ್ನ ನಂಬತಿದ್ದಿಲ್ಲ ಅಲ್ಲೇನ್ರಿ?"

ಸುಳ್ಳು ಹೇಳುವುದು ಸುಲಭವಿತ್ತು.

"ನಂಬತಿದ್ದಿಲ್ಲ," ಎಂದಳು ಅಂಜನಾ. ಕಣ್ಣು ತುಂಬಿ ಬಂತು. "ನಾಲ್ಕ ತಿಂಗಳಿಂದ ನಿಮ್ಮನ್ನ ನೋಡಾಕತ್ತೇನಿ. ಅಷ್ಟ ಸಾಕಾಗಬೇಕಿತ್ತು. ತಪ್ಪಾತ್ರಿ."

ಅವನು ಸ್ಟೂಲನ್ನು ಅವಳ ಕಡೆ ಸರಿಸಿದ.

"ಕುಂದರ್ರಿ. ಜ್ವರಾ ಬಂದ ಮೈ ಅದು... ಅವ್ವಗ ಏನಂತ ಹೇಳಿ ಬಂದೀರಿ?"

"ಇಳಕಲ್ಲಿಗೆ ಹೊಂಟೇನಿ ಅಂತ ಫೋನ್ ಮಾಡಿದ್ನಿ. ಸೀರಿ ತಗೊಳಾಕೇನ ಅಂತ ಕೇಳಿದ್ಲು."

"ನೀವೇನಂದ್ರಿ?"

"ಇಲ್ಲವ್ವಾ, ಒಬ್ಬರಿಗೆ ಒಂದ ಮಾತ ಕೇಳೂದೈತಿ ಅಂದ್ನಿ."

"ಏನದು?"

"ನನ್ನ ಲಗ್ನ ಆಗ್ತೀರೇನು ಅಂತ."

ಅವನ ಮೊಣಕೈ ತಾಗಿ ಫ್ರಿಜ್ ಮೇಲಿದ್ದ ಸ್ಕ್ರೂಡ್ರೈವರ್ ನೆಲಕ್ಕೆ ಬಿತ್ತು. ಇಬ್ಬರೂ ಅದನ್ನು ಎತ್ತಲಿಲ್ಲ.

"ನಿಮ್ಮ ಅವ್ವಗ ನಾನ ಬಂದು ಹೇಳ್ತೇನ್ರಿ," ಎಂದ ಯಮನೂರ.

"ಮೊದಲ ನನಗ ಹೇಳ್ರಿ."

"ಹೂಂ," ಎಂದ ಅವನು. "ಹೂಂ, ಅಂಜನಾ."